ಸಹಾಯ ಬೇಕು: ವ್ಯಾಪಾರಸ್ಥರ ನಾಷ್ಟಾ ಭೇಟಿಗೆ ಜಾಗ

ನಮಸ್ಕಾರ್ರೀ ಎಲ್ಲರಿಗೂ. ಧಾರವಾಡದಲ್ಲಿ ನನ್ನದು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ವ್ಯಾಪಾರ. ನಮ್ಮಂಥ ಸಣ್ಣ ವ್ಯಾಪಾರಸ್ಥರು ತಿಂಗಳಿಗೊಮ್ಮೆ ಬೆಳಿಗ್ಗೆ ನಾಷ್ಟಾಕ್ಕೆ ಸೇರೋಣ ಅಂದುಕೊಂಡಿದ್ದೇವೆ. ಪ್ಯಾಕಿಂಗ್ ಕವರ್ ಎಲ್ಲಿ ಅಗ್ಗ, ಉದ್ರಿ ಯಾರು ತೀರಿಸುವುದಿಲ್ಲ, ಇಂಥವೆಲ್ಲ ಎದುರು ಕೂತಾಗಲೇ ಗೊತ್ತಾಗುತ್ತವೆ, ಅಲ್ವಾ?

ಹುಬ್ಬಳ್ಳಿಯವರಿಗೂ ಸಮೀಪ ಆಗುವಂತೆ ನವನಗರ ಅಥವಾ ಉಣಕಲ್ ಕಡೆ ಒಂದು ಹೋಟೆಲ್ ಹೇಳಿ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಸ್ಟಾಪ್ ಹತ್ತಿರ ಇದ್ದರೆ ಒಳ್ಳೆಯದು. ಹದಿನೈದು ಜನ ಒಂದು ತಾಸು ಕೂತರೂ ಮುಖ ಗಂಟು ಹಾಕದ ಮಾಲೀಕರು ಬೇಕು (ಕಷ್ಟ ಇದೇ!). ಇಡ್ಲಿ-ವಡೆ, ಸುಸಲಾ ಸಿಕ್ಕರೆ ಸಾಕು. ಅಂಗಡಿ ತೆರೆಯುವ ಮೊದಲೇ ಮುಗಿಸಬೇಕು, ಹಾಗಾಗಿ 7:30ಕ್ಕೇ ಶುರು.

ವರ್ಷದ ಫೀ ಇರುವ, ಒಂದು ಧಂದೆಯಿಂದ ಒಬ್ಬರನ್ನೇ ಸೇರಿಸಿಕೊಳ್ಳುವ ವ್ಯಾಪಾರಸ್ಥರ ಗುಂಪುಗಳಲ್ಲಿ ಯಾರಾದರೂ ಇದ್ದೀರಾ? ಅದರಿಂದ ನಿಜಕ್ಕೂ ಆರ್ಡರ್ ಬಂತಾ? ನಮಗಂತೂ ಅವರವರ ಬಿಲ್ ಅವರೇ ಕೊಡುವುದು ಸರಿ ಅನಿಸುತ್ತದೆ.