ಬೇರೆಯವರ ವಸ್ತುಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರಿಕೊಡುವ ಕೆಲಸ: ಕಮಿಷನ್ ಎಷ್ಟು, ಕರಾರು ಹೇಗೆ?

ಹಳೇಲೆನ್ಸ್:

ಎಲ್ಲರಿಗೂ ನಮಸ್ಕಾರ. ನನ್ನ ಸ್ವಂತ ವಸ್ತುಗಳನ್ನು ಇಬೇಯಲ್ಲಿ ಹರಾಜಿಗೆ ಹಾಕಿ ಮಾರುವುದು ನನಗೆ ರೂಢಿಯಾಗಿದೆ. ಹೆಚ್ಚಾಗಿ ಹಳೇ ಕ್ಯಾಮೆರಾ, ಲೆನ್ಸ್, ಕೈಗಡಿಯಾರ, ಆಗಾಗ ಪಿಂಗಾಣಿ ಸೆಟ್. ಖಾತೆಯ ರೇಟಿಂಗ್ ಚೆನ್ನಾಗಿದೆ. ಅದನ್ನು ನೋಡಿದ ಪರಿಚಯದವರು ಈಗ "ನಮ್ಮದನ್ನೂ ಮಾರಿಕೊಡಿ, ಬಂದದ್ದರಲ್ಲಿ ನಿಮ್ಮ ಪಾಲು ಇಟ್ಟುಕೊಳ್ಳಿ" ಅಂತ ಕೇಳುತ್ತಿದ್ದಾರೆ. ಇದನ್ನೇ ವ್ಯಾಪಾರವಾಗಿ ಮಾಡೋಣ ಅನ್ನಿಸಿದೆ.

ಕಮಿಷನ್ ಎಷ್ಟು ಇಡಬೇಕು? ಸೈಟಿನ ಶುಲ್ಕ ಯಾರ ಲೆಕ್ಕಕ್ಕೆ? ಮಾಲೀಕರೆಲ್ಲ ಆರಂಭದ ಬೆಲೆಯನ್ನು ಜಾಸ್ತಿ ಇಡಿ ಅನ್ನುತ್ತಾರೆ, ಅದಕ್ಕೆ ಏನು ಹೇಳುವುದು? ಮಾರಾಟವಾಗದೆ ಉಳಿದದ್ದನ್ನು ಏನು ಮಾಡುತ್ತೀರಿ? ಇದನ್ನೇ ಕೆಲಸ ಮಾಡಿಕೊಂಡವರು ದಯವಿಟ್ಟು ಹೇಳಿ.

ಕಟ್ಟೆಬೆಲೆ:

ಕಮಿಷನ್ ಎಷ್ಟು ಅನ್ನುವುದಕ್ಕಿಂತ ಮೊದಲು ಯಾವ ವಸ್ತುವನ್ನು ಬೇಡ ಅನ್ನಬೇಕು ಅಂತ ತೀರ್ಮಾನ ಮಾಡಿ. ಈ ವ್ಯಾಪಾರ ನಿಲ್ಲುವುದೂ ಬೀಳುವುದೂ ಅಲ್ಲೇ.

2003ರ ಸುಮಾರಿಗೆ ಅಮೆರಿಕದಲ್ಲಿ ಐಸೋಲ್ಡ್ ಇಟ್, ಆಕ್ಷನ್‌ಡ್ರಾಪ್ ತರಹದ ಅಂಗಡಿಗಳು ಶುರುವಾದವು. ಜನ ಮನೆಯ ಹಳೇ ವಸ್ತು ತಂದುಕೊಡುವುದು, ಅಂಗಡಿಯವರು ಇಬೇಯಲ್ಲಿ ಮಾರಿ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೊಡುವುದು. ನೀವು ಮಾಡಹೊರಟಿರುವುದೂ ಇದೇ. ಬೇಗ ಬೇಗ ಹರಡಿಕೊಂಡವು, ಆದರೆ ಕೆಲವೇ ವರ್ಷಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿದವು. ಕೊಳ್ಳುವವರಿಗೇನೂ ಕೊರತೆ ಇರಲಿಲ್ಲ. ನನ್ನ ಪ್ರಕಾರ ಅವರನ್ನು ಹಿಂಡಿದ್ದು ಒಂದೊಂದು ವಸ್ತುವಿಗೂ ಹಿಡಿಯುವ ಕೈಕೆಲಸ.

ಒಂದು ವಸ್ತು ಒಳಗೆ ಬಂತು ಅಂದರೆ ಒರೆಸಬೇಕು, ಪರೀಕ್ಷೆ ಮಾಡಬೇಕು, ಫೋಟೋ ತೆಗೆಯಬೇಕು, ಅಳೆದು ತೂಗಿ ವಿವರ ಬರೆಯಬೇಕು, ಕೊಳ್ಳುವವರ ಪ್ರಶ್ನೆಗೆ ಉತ್ತರ ಕೊಡಬೇಕು, ಪ್ಯಾಕ್ ಮಾಡಬೇಕು, ಕಳಿಸಬೇಕು, ಮಾಲೀಕರಿಗೆ ಲೆಕ್ಕ ಒಪ್ಪಿಸಬೇಕು. ಇಪ್ಪತ್ತಕ್ಕೆ ಹೋಗುವ ವಸ್ತುವಿಗೂ ಎರಡು ಸಾವಿರಕ್ಕೆ ಹೋಗುವ ವಸ್ತುವಿಗೂ ಕೆಲಸ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತರಲ್ಲಿ 40% ಹಿಡಿದರೂ ನಿಮ್ಮ ಕೈಗೆ ಬರುವುದು ಎಂಟು. ಅದರಲ್ಲಿ ಡಬ್ಬ, ಟೇಪು, ನಿಮ್ಮ ಮಧ್ಯಾಹ್ನ ಎಲ್ಲ ಹೋಗಬೇಕು. ಆದ್ದರಿಂದ ಇಷ್ಟಕ್ಕಿಂತ ಕಡಿಮೆ ಬೆಲೆಯದ್ದನ್ನು ಮುಟ್ಟುವುದೇ ಇಲ್ಲ ಅಂತ ಒಂದು ಗೆರೆ ಎಳೆದುಬಿಡಿ. ಕಮಿಷನ್ನು ಮೆಟ್ಟಿಲಿನ ಲೆಕ್ಕದಲ್ಲಿರಲಿ: ಬೆಲೆ ಏರಿದ ಹಾಗೆ ಶೇಕಡಾವಾರು ಇಳಿಯಲಿ. ದುಬಾರಿ ಮಾಲು ಇರುವವರು ನಿಮ್ಮ ಹತ್ತಿರ ಬರುವುದು ಆಗಲೇ.

ಸೈಟಿನ ಶುಲ್ಕವನ್ನು ಮಾಲೀಕರ ಲೆಕ್ಕಕ್ಕೇ ಹಾಕಿ, ಆದರೆ ಮುಚ್ಚುಮರೆ ಬೇಡ. ಇಬೇ ತನ್ನ ಶುಲ್ಕವನ್ನು ಬರೀ ಹರಾಜಿನ ಬೆಲೆಯ ಮೇಲೆ ಹಿಡಿಯುವುದಿಲ್ಲ, ಕೊಳ್ಳುವವರು ಕೊಡುವ ಸಾಗಣೆ ವೆಚ್ಚವನ್ನೂ ಸೇರಿಸಿ ಹಿಡಿಯುತ್ತದೆ. ಎಷ್ಟೋ ಮಾಲೀಕರಿಗೆ ಇದು ಗೊತ್ತಿರುವುದಿಲ್ಲ. ಆಮೇಲೆ ಲೆಕ್ಕ ನೋಡಿ ಮುಖ ಗಂಟು ಹಾಕಿಕೊಳ್ಳುತ್ತಾರೆ. ನಿಮ್ಮ ಕಮಿಷನ್ ಹರಾಜಿನ ಬೆಲೆಯ ಮೇಲೋ, ಶುಲ್ಕ ಕಳೆದು ಉಳಿದದ್ದರ ಮೇಲೋ ಅಂತ ಕರಾರಿನಲ್ಲಿ ಉದಾಹರಣೆ ಸಮೇತ ಬರೆಯಿರಿ.

ಕೊನೇಕ್ಷಣ:

ಆರಂಭದ ಬೆಲೆ ಬಗ್ಗೆ ನಾನು ಹೇಳುತ್ತೇನೆ. ಜಗಳ ಜಾಸ್ತಿ ಆಗುವುದೇ ಇದರ ಮೇಲೆ, ಅಲ್ವಾ?

ಮಾಲೀಕರಿಗೆ ಮೊದಲು ಹರಾಜು ನಡೆಯುವ ರೀತಿಯನ್ನು ತಿಳಿಸಿ. ಇಬೇಯಲ್ಲಿ ಕೊಳ್ಳುವವರು ತಮ್ಮ ಗರಿಷ್ಠ ಮೊತ್ತ ಹಾಕಿ ಸುಮ್ನೆ ಕೂರುತ್ತಾರೆ. ಎದುರಿನವರನ್ನು ಮೀರಲು ಎಷ್ಟು ಬೇಕೋ ಅಷ್ಟನ್ನೇ ಸೈಟು ಅವರ ಪರವಾಗಿ ಏರಿಸುತ್ತಾ ಹೋಗುತ್ತದೆ. ಅಂದರೆ ಗೆದ್ದವರು ಕೊಡುವುದು ಎರಡನೆಯವರ ಗರಿಷ್ಠಕ್ಕಿಂತ ಒಂದು ಹೆಜ್ಜೆ ಮೇಲೆ, ಅಷ್ಟೇ. ಒಬ್ಬರು ಐನೂರು ಕೊಡಲು ತಯಾರಿದ್ದು ಇನ್ನೊಬ್ಬರು ನೂರಕ್ಕೇ ನಿಂತರೆ ವಸ್ತು ಹೋಗುವುದು ನೂರರ ಆಸುಪಾಸಿನಲ್ಲೇ. ಬೆಲೆ ಕಟ್ಟುವುದು ಗೆದ್ದವರಲ್ಲ, ಸೋತವರು.

ಇಷ್ಟು ತಿಳಿದರೆ ಉಳಿದದ್ದು ಸುಲಭ. ಹುಡುಕುವವರು ಬೇಕಾದಷ್ಟಿರುವ ವಸ್ತುವಾದರೆ ಕಡಿಮೆಯಿಂದ ಶುರು ಮಾಡಿ, ಜನ ಸೇರುತ್ತಾರೆ, ಬೆಲೆ ತಾನಾಗೇ ಏರುತ್ತದೆ. ತೀರಾ ಅಪರೂಪದ, ಯಾವಾಗಲೋ ಒಬ್ಬರು ಮಾತ್ರ ಕೇಳುವ ವಸ್ತುವನ್ನು ದಯವಿಟ್ಟು ಹರಾಜಿಗೆ ಹಾಕಬೇಡಿ. ಸ್ಥಿರ ಬೆಲೆಗೆ ಇಟ್ಟು ಕಾಯಿರಿ. ಈ ಒಂದು ವಿಂಗಡಣೆ ಸರಿಯಾಗಿ ಮಾಡಿದರೆ ಮಾಲೀಕರಿಗೆ ಆಗುವ ಲಾಭ ನಿಮ್ಮ ಕಮಿಷನ್ನಿಗಿಂತ ದೊಡ್ಡದು.

ಬೆಲೆಯ ಮಾತು ಬಂದಾಗ ಮಾರಾಟವಾದ ಲಿಸ್ಟಿಂಗ್‌ಗಳನ್ನು ಮಾತ್ರ ತೆರೆದು ತೋರಿಸಿ. ಯಾರೋ ಐದು ಸಾವಿರಕ್ಕೆ ಇಟ್ಟಿದ್ದಾರೆ ಅಂತ ಮಾಲೀಕರು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದು ಕೇಳುವ ಬೆಲೆ. ಹಣ ಕೊಟ್ಟು ಯಾರಾದರೂ ಕೊಂಡಿದ್ದಾರಾ ಅನ್ನುವುದೇ ಬೇರೆ ಮಾತು.

ಇನ್ನೊಂದನ್ನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ಮಾಲೀಕರಾಗಲಿ ಅವರ ಮನೆಯವರು, ಸ್ನೇಹಿತರಾಗಲಿ ಆ ಹರಾಜಿನಲ್ಲಿ ಬಿಡ್ ಮಾಡಲೇಬಾರದು. ಬೆಲೆ ಕಡಿಮೆ ಕಂಡರೆ ತಮ್ಮನ ಖಾತೆಯಿಂದ ಸ್ವಲ್ಪ ಏರಿಸೋಣ ಅಂತ ಅವರಿಗೆ ಅನ್ನಿಸುವುದು ಸಹಜ. ಆದರೆ ಅದು ಮೋಸದ ಬಿಡ್ಡಿಂಗ್, ಎಲ್ಲ ದೊಡ್ಡ ಸೈಟುಗಳಲ್ಲೂ ನಿಷೇಧ. ಸಿಕ್ಕಿಬಿದ್ದರೆ ಅವರದ್ದಷ್ಟೇ ಅಲ್ಲ, ನಿಮ್ಮ ಖಾತೆಯೂ ಅಮಾನತಾಗಬಹುದು. ಕರಾರಿನಲ್ಲಿ ಇದಕ್ಕೆ ಬೇರೆ ಸಾಲೇ ಇರಲಿ, ಅದರ ಪಕ್ಕದಲ್ಲೇ ಸಹಿ ಹಾಕಿಸಿ.

ರಸೀದಿಪುಸ್ತಕ:

ಮೇಲಿನವರು ಹೇಳಿದ ಕೊನೇ ಮಾತಿನಿಂದಲೇ ಮುಂದುವರಿಸುತ್ತೇನೆ. ಕೊಳ್ಳುವವರ ಕಣ್ಣಿಗೆ ಮಾರುವವರು ನೀವೇ. ಮಾಲು ಇನ್ನೊಬ್ಬರದ್ದು ಅಂತ ಸೈಟಿಗೆ ಹೇಳಿದರೆ ಏನೂ ನಡೆಯುವುದಿಲ್ಲ. ವಸ್ತು ವಿವರದಲ್ಲಿ ಹೇಳಿದಂತಿಲ್ಲ ಅಂತ ದೂರು ಬಂದರೆ ಹಣ ವಾಪಸ್ ಹೋಗುವುದು ನಿಮ್ಮ ಖಾತೆಯಿಂದ. ಇಬೇಯಲ್ಲಿ ಇಂಥ ದೂರಿಗೆ ಪಾರ್ಸೆಲ್ ತಲುಪಿದ ಮೇಲೆ ಸಾಮಾನ್ಯವಾಗಿ 30 ದಿನ ಅವಕಾಶ ಇದೆ. ಹಾಗಾಗಿ ಆ ಅವಧಿ ಮುಗಿಯುವವರೆಗೂ ಮಾಲೀಕರಿಗೆ ಹಣ ಕೊಡಬೇಡಿ. ನಾನು ನೋಡಿದ ಮಟ್ಟಿಗೆ, ಹೊಸಬರು ವಿಶ್ವಾಸದ ಮೇಲೆ ಮಾರನೇ ದಿನವೇ ಕೊಟ್ಟುಬಿಡುತ್ತಾರೆ, ಆಮೇಲೆ ರಿಟರ್ನ್ ಬಂದಾಗ ಸ್ನೇಹವೂ ಹೋಗುತ್ತದೆ, ಹಣವೂ ಹೋಗುತ್ತದೆ.

ಆ ಹಣ ನಿಮ್ಮದಲ್ಲ, ಇದನ್ನು ಮರೆಯಬೇಡಿ. ಮಾಲು ಮಾರಾಟವಾಗುವವರೆಗೂ ಮಾಲೀಕರದ್ದೇ, ಮಾರಿದ ಮೇಲೆ ನಿಮ್ಮ ಆದಾಯ ಕಮಿಷನ್ ಮಾತ್ರ. ಅವರ ಪಾಲಿಗೆ ಬೇರೆ ಬ್ಯಾಂಕ್ ಖಾತೆ ಇಡಿ. ತೆರಿಗೆ ಲೆಕ್ಕದವರ ಹತ್ತಿರ ಮೊದಲೇ ಒಂದು ಸಲ ಕೂತು ಮಾತಾಡಿ, ಯಾಕೆಂದರೆ ಸೈಟಿನ ವರದಿಯಲ್ಲಿ ಪೂರ್ತಿ ಮೊತ್ತ ನಿಮ್ಮ ಹೆಸರಿನಲ್ಲೇ ಕಾಣುತ್ತದೆ.

ವಸ್ತು ಒಳಗೆ ತೆಗೆದುಕೊಳ್ಳುವಾಗಿನ ಕೆಲಸ ಬಹಳ ಮುಖ್ಯ. ಮಾಲೀಕರು ಎದುರಿಗೆ ಇರುವಾಗಲೇ ಮಾಡಿ. ಲೆನ್ಸ್ ಅಂದರೆ ಹಿಂಬದಿಯಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ, ಜೇಡರ ಬಲೆಯ ಎಳೆಗಳ ಹಾಗೆ ಫಂಗಸ್ ಕಂಡರೆ ಅವರಿಗೂ ತೋರಿಸಿ, ಅಲ್ಲೇ ಬರೆದುಕೊಳ್ಳಿ. ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ ಇದೆಯಾ, ಫೋಕಸ್ ರಿಂಗ್ ಬಿಗಿಯಾಗಿದೆಯಾ ನೋಡಿ. ಪಿಂಗಾಣಿ ತಟ್ಟೆಯಾದರೆ ಒಂದೊಂದನ್ನೂ ಬೆರಳ ತುದಿಯಲ್ಲಿ ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟಿ. ಚೆನ್ನಾಗಿರುವುದು ಕಿಣ್ ಅನ್ನುತ್ತದೆ, ಕಣ್ಣಿಗೆ ಕಾಣದ ಸೀಳು ಇದ್ದರೆ ಸದ್ದು ಮಂಕಾಗುತ್ತದೆ. ಸೀರಿಯಲ್ ನಂಬರಿನ ಫೋಟೋ ಕಡ್ಡಾಯ. ಕೊಳ್ಳುವವರು ತಮ್ಮ ಹಾಳಾದ ವಸ್ತುವನ್ನು ರಿಟರ್ನ್ ಅಂತ ಕಳಿಸಿದರೆ ನಿಮಗಿರುವ ಸಾಕ್ಷಿ ಅದೊಂದೇ. ವಸ್ತು ತಮ್ಮದೇ, ಕದ್ದ ಮಾಲಲ್ಲ, ನಕಲಿ ಅಲ್ಲ ಅಂತ ಮಾಲೀಕರಿಂದ ಬರೆಸಿಕೊಳ್ಳಿ, ಗುರುತಿನ ಚೀಟಿಯ ಪ್ರತಿಯನ್ನೂ ಇಟ್ಟುಕೊಳ್ಳಿ. ಸಂಕೋಚ ಬೇಡ. ಪ್ರಾಮಾಣಿಕರು ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಮ್ಮ ಮನೆಯಲ್ಲಿರುವಾಗ ಬೆಂಕಿ, ಕಳವು ಏನಾದರೂ ಆದರೆ ಹೊಣೆ ಯಾರದ್ದು ಅಂತ ಬರೆಯಿರಿ. ಮನೆಯ ವಿಮೆಯಲ್ಲಿ ಬೇರೆಯವರ ವ್ಯಾಪಾರದ ಮಾಲು ಸಾಮಾನ್ಯವಾಗಿ ಸೇರಿರುವುದಿಲ್ಲ, ವಿಮೆಯವರನ್ನು ಕೇಳಿ ತಿಳಿದುಕೊಳ್ಳಿ.

ಸಾಗಣೆಗೆ ಒಂದೇ ಮಾತು. ದೊಡ್ಡ ಹಗುರ ವಸ್ತುಗಳನ್ನು ಒಪ್ಪುವ ಮೊದಲು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ನೋಡಿ. ತುಂಬಾ ಕೊರಿಯರ್‌ಗಳು ಕೆಜಿ ಲೆಕ್ಕ ಹಾಕುವುದು ಹಾಗೆ. ತಕ್ಕಡಿಯ ತೂಕ ಕಡಿಮೆ ಇದ್ದರೂ ಬಿಲ್ಲು ಡಬ್ಬದ ಗಾತ್ರಕ್ಕೇ ಬರುತ್ತದೆ.

ಹಳೇಲೆನ್ಸ್:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಹಣ ತಡೆಹಿಡಿಯುವ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಇನ್ನು ಎರಡು ಕೇಳಬೇಕು. ಹರಾಜು ನಡೆಯುತ್ತಿರುವಾಗಲೇ ಮಾಲೀಕರು ಹೆದರಿ "ತೆಗೆದುಬಿಡಿ, ನಾನು ಕೊಡಲ್ಲ" ಅಂದರೆ? ಮಾರಾಟವಾಗದ್ದನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?

ಕಟ್ಟೆಬೆಲೆ:

ಮಧ್ಯದಲ್ಲಿ ತೆಗೆಯುವುದಿಲ್ಲ ಅಂತ ಕರಾರಿನಲ್ಲೇ ಇರಲಿ, ತೆಗೆಸಿದರೆ ಇಷ್ಟು ಶುಲ್ಕ ಅಂತಲೂ ಇರಲಿ. ಬಿಡ್ ಬಿದ್ದಿರುವ ಹರಾಜನ್ನು ಪದೇ ಪದೇ ರದ್ದು ಮಾಡಿದರೆ ಸೈಟಿನವರ ಕಣ್ಣಿಗೆ ಬೀಳುತ್ತೀರಿ. ನಿಮ್ಮನ್ನು ನಂಬಿ ಕಾಯುತ್ತಿದ್ದ ಕೊಳ್ಳುವವರೂ ಮತ್ತೆ ಬರುವುದಿಲ್ಲ. ಮಾಲೀಕರು ಹೆದರುವುದು ಮೊದಲ ದಿನಗಳ ಬೆಲೆ ನೋಡಿ. ಇಬೇಯಲ್ಲಿ ಹರಾಜು ಹೇಳಿದ ಸಮಯಕ್ಕೆ ಸರಿಯಾಗಿ ಮುಗಿಯುವುದರಿಂದ ಅನುಭವಸ್ಥರು ಕೊನೇ ಕೆಲವು ಸೆಕೆಂಡುಗಳವರೆಗೆ ಬಿಡ್ ಮಾಡುವುದಿಲ್ಲ. ಇದನ್ನು ಲಿಸ್ಟ್ ಮಾಡುವ ದಿನವೇ ಹೇಳಿಡಿ, ಅರ್ಧಕ್ಕರ್ಧ ಫೋನ್ ಕಾಲ್‌ಗಳು ಕಡಿಮೆಯಾಗುತ್ತವೆ. ಇದಕ್ಕಿಂತ ಕಡಿಮೆಗೆ ಕೊಡಲೇ ಆಗದು ಅನ್ನುವ ವಸ್ತುವಾದರೆ ರಿಸರ್ವ್ ಬೆಲೆ ಇಡಿ, ಅದರ ಶುಲ್ಕವನ್ನು ಮಾಲೀಕರಿಂದ ಮೊದಲೇ ತೆಗೆದುಕೊಳ್ಳಿ.

ಮಾರಾಟವಾಗದ್ದನ್ನು ಬೆಲೆ ಇಳಿಸಿ ಇನ್ನೊಂದು ಸಲ ಹಾಕಿ. ಆಗಲೂ ಹೋಗದಿದ್ದರೆ ಇಂತಿಷ್ಟು ದಿನದೊಳಗೆ ಬಂದು ತೆಗೆದುಕೊಂಡು ಹೋಗಬೇಕು, ಇಲ್ಲದಿದ್ದರೆ ದಾನಕ್ಕೆ ಕೊಡುತ್ತೇವೆ ಅಂತ ಒಪ್ಪಿಗೆ ಇರಲಿ. ದಿನಾಂಕ ಇಲ್ಲದ ಕರಾರು ಮಾಡಿಕೊಂಡರೆ ನಿಮ್ಮ ಕೋಣೆ ಊರಿನವರ ಗೋದಾಮಾಗುತ್ತದೆ.

ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಕ್ಯಾಮೆರಾ, ಲೆನ್ಸ್ ಮಾತ್ರ ತೆಗೆದುಕೊಳ್ಳಿ. ಕರಾರಿನ ಕರಡು ಬರೆದಾದ ಮೇಲೆ ಇಲ್ಲಿ ಹಾಕಿ, ಎಲ್ಲರೂ ನೋಡುತ್ತೇವೆ.