ಮಂಡಕ್ಕಿ ಭಟ್ಟಿ ಹೊಗೆ, ಕೋಸ್ ಥಿಯರಿ: ಇದ್ರಲ್ಲಿ ನ್ಯಾಯ ಎಲ್ಲೈತೆ?

ಪ್ರಶ್ನೆ: ಲಾ ಸ್ಟೂಡೆಂಟ್, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಮೊನ್ನೆ ಕ್ಲಾಸಲ್ಲಿ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಅವರ 1960ರ ಲೇಖನ ಪಾಠ ಮಾಡಿದ್ರು. ಹೊಗೆ ಬಿಡೋನು, ಹೊಗೆ ಕುಡಿಯೋನು ಇಬ್ರೂ ಖರ್ಚಿಲ್ದೆ ಕೂತು ಮಾತಾಡಿ ಬಗೆಹರಿಸ್ಕೊಳ್ಳೋ ಹಂಗಿದ್ರೆ ಹಕ್ಕು ಯಾರಿಗೆ ಕೊಟ್ರೂ ಕೊನಿಗೆ ಒಟ್ಟು ಲಾಭ ಎಲ್ಲಿ ಜಾಸ್ತಿನೋ ಅಲ್ಲಿಗೇ ಬಂದು ನಿಲ್ತತೆ ಅಂತ. ನಾನು ಬೆಳೆದಿದ್ದು ಮಂಡಕ್ಕಿ ಭಟ್ಟಿ ಹತ್ರ, ಒಣಗಾಕಿದ ಬಟ್ಟೆ ಮೇಲೆಲ್ಲ ಮಸಿ, ಅಜ್ಜಿಗೆ ರಾತ್ರಿಯಿಡೀ ಉಬ್ಬಸ. ಹೊಗೆ ಬಿಡೋ ಹಕ್ಕು ಭಟ್ಟಿಯೋರದ್ದು ಅಂದ್ರೆ ನಮ್ಮಜ್ಜಿ ದುಡ್ಡು ಕೊಟ್ಟು ಉಸಿರು ಕೊಂಡ್ಕೋಬೇಕಾ? ಇದನ್ನ ನ್ಯಾಯ ಅಂತ ಹೆಂಗೆ ಒಪ್ಕೊಳ್ಳೋದು?

ದುರ್ಗದ ವಕೀಲ:
ತಮ್ಮಾ, ನೀನು ಹೇಳಿದ್ದು ಕೋಸ್ ಮಾತಿನ ಅರ್ಧ ಮಾತ್ರ. ನಿಜವಾಗ್ಲೂ ಮಾತುಕತೆಗೆ ಖರ್ಚೈತೆ, ಅದಕ್ಕೇ ಕಾನೂನು ಹಕ್ಕನ್ನ ಯಾರಿಗೆ ಕೊಡ್ತತೆ ಅನ್ನೋದು ಮುಖ್ಯ, ಇದೂ ಅವರದ್ದೇ ಮಾತು. ಅವರು ತಗೊಂಡ ಇಂಗ್ಲೆಂಡಿನ 1879ರ ಕೇಸಲ್ಲಿ ಮಿಠಾಯಿ ಮಾಡೋನ ಮಷೀನ್ ಸದ್ದಿಗೆ ಪಕ್ಕದ ಡಾಕ್ಟರ್ ಕೋರ್ಟಿಗೆ ಹೋಗಿ ಗೆದ್ರು. ಅಲ್ಲಿದ್ದಿದ್ದು ಇಬ್ರೇ. ನಮ್ಮಲ್ಲಿ ಸಾಲು ಭಟ್ಟಿ, ಸುತ್ತ ಅಷ್ಟೊಂದು ಮನೆ, ಯಾವ ಭಟ್ಟಿ ಹೊಗೆ ಯಾರ ಎದೆಗೆ ಹೋಯ್ತು ಅಂತ ಯಾರು ಯಾರ ಹತ್ರ ಚೌಕಾಸಿ ಮಾಡ್ಬೇಕು?

ಎಕನಾಮಿಕ್ಸ್ ಮೇಡಂ:
ವಕೀಲ್ರೇ, ಖರ್ಚೇ ಇಲ್ಲ ಅಂದ್ಕೊಂಡ್ರೂ ಈ ಹುಡುಗನ ಪ್ರಶ್ನೆ ಹಂಗೇ ಉಳಿತತೆ. ಯಾರಿಗೆ ಎಷ್ಟು ಬೇಕು ಅನ್ನೋದನ್ನ ನಾವು ಅಳೆಯೋದು ಎಷ್ಟು ದುಡ್ಡು ಕೊಡ್ತಾರೆ ಅನ್ನೋದ್ರಿಂದ. ಕೂಲಿ ಮಾಡೋರ ಮನೆಯಲ್ಲಿ ಕೊಡೋಕೆ ಏನಿರ್ತತೆ? ಅವರ ಉಬ್ಬಸ ಲೆಕ್ಕದಲ್ಲಿ ಸಣ್ಣದಾಗಿ ಕಾಣ್ತತೆ, ಅಷ್ಟೇ. ಕಾಲ್ಡೋರ್, ಹಿಕ್ಸ್ ಅನ್ನೋ ಅರ್ಥಶಾಸ್ತ್ರಜ್ಞರು 1939ರಲ್ಲಿ ಕೊಟ್ಟ ಅಳತೆ ಇನ್ನೂ ನೋವು ಕೊಡ್ತತೆ ನಂಗೆ, ಗೆದ್ದೋರು ಸೋತೋರಿಗೆ ಪರಿಹಾರ ಕೊಟ್ಟೂ ಲಾಭದಲ್ಲಿರೋ ಹಂಗಿದ್ರೆ ಸಾಕು, ನಿಜವಾಗಿ ಕೊಡ್ಲೇಬೇಕು ಅಂತಿಲ್ಲ. ಪಾಠ ಮಾಡೋವಾಗ ಇಲ್ಲಿ ನಿಂತು ಬಿಡ್ತೀನಿ, ಮುಂದೆ ಹೋಗೋಕೆ ಮನಸ್ಸಾಗಲ್ಲ.

ದುರ್ಗದ ವಕೀಲ:
ಮೇಡಂ ಹೇಳಿದ್ದು ಸರಿ. ಅದಕ್ಕೇ ನಂಗೆ ದೆಹಲಿ ಕಾರ್ಖಾನೆಯಿಂದ ಓಲಿಯಂ ಗ್ಯಾಸ್ ಸೋರಿದ ಕೇಸಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ಕೊಟ್ಟ ತೀರ್ಪು ಇಷ್ಟ, ಕಾರ್ಖಾನೆ ಎಷ್ಟು ದೊಡ್ಡದೋ ಪರಿಹಾರ ಅಷ್ಟು ಜಾಸ್ತಿ ಅಂದ್ರು. ಅದು ಅಪಾಯದ ಕೈಗಾರಿಕೆಗೆ ಹೇಳಿದ್ದು, ಭಟ್ಟಿಗೆ ನೇರ ಅನ್ವಯ ಆಗಲ್ಲ, ಆದ್ರೆ ಅಳತೆಗೋಲು ಇಡಬೇಕಾದ್ದು ಸೋತೋರ ಜೇಬಿಗಲ್ಲ.

ಭಟ್ಟಿ ಮನೆಯೋಳು:
ನಮ್ಮಪ್ಪ ಭಟ್ಟಿ ಮುಂದೆ ನಿಂತು ಮಂಡಕ್ಕಿ ಹುರಿದೋರು. ನಿಮ್ಮಜ್ಜಿಗಿಂತ ಮುಂಚೆ ಆ ಹೊಗೆ ಕುಡಿದಿದ್ದು ಅವರೇ. ಕೂಲಿ ಒಪ್ಕೊಂಡು ಬಂದಾರೆ, ಅಂದ್ರೆ ಹೊಗೆನೂ ಒಪ್ಕೊಂಡಾರೆ ಅಂತ ನಿಮ್ಮ ಥಿಯರಿ ಹೇಳ್ತತೇನ್ರಿ? ಬೇರೆ ಕೆಲಸನೇ ಇರ್ಲಿಲ್ಲ ಅವರಿಗೆ.

ಲಾ ಸ್ಟೂಡೆಂಟ್:
ಅಕ್ಕಾ, ನಿಮ್ಮಪ್ಪನ್ನ ನಾನು ಲೆಕ್ಕಕ್ಕೇ ತಗೊಂಡಿರ್ಲಿಲ್ಲ, ಕ್ಷಮಿಸ್ರಿ. ನಾಳೆ ಕ್ಲಾಸಲ್ಲಿ ನಿಮ್ಮ ಪ್ರಶ್ನೆನೇ ಮೊದ್ಲು ಕೇಳ್ತೀನಿ.