ಅತ್ತೆಯ ಫಾರ್ವರ್ಡು, ಅಜ್ಜನ ಮನೆ ಅಂಗಳ

ಅಮೆರಿಕದ ಪುಟ್ಟಣ್ಣ ಬಂದು ಮನೆಗೊಂದು ಡಾರ್ಕ್ ಚಾಕೊಲೇಟ್ ಬಾರ್ ಹಂಚಿ ಹೋಗಿ ವಾರ ಆಗಿತ್ತಷ್ಟೆ. ನಿನ್ನೆ ಸಂಜೆ ಮನೆ ಗುಂಪಿಗೆ ಅತ್ತೆಯ ಫಾರ್ವರ್ಡ್ ಬಂತು.

ಅತ್ತೆ: ಎಚ್ಚರ!! ಡಾರ್ಕ್ ಚಾಕೊಲೇಟಿನಲ್ಲಿ ಸೀಸ! ಒಂದು ತುಂಡು ತಿಂದರೂ ಕಿಡ್ನಿ ಖಲಾಸ್!

ಭಾವ: ಅಮ್ಮ, ಇದನ್ನು ಹೇಳಿದ್ದು ಯಾರು?

ಅತ್ತೆ: ಭಜನೆ ಗುಂಪಿನಲ್ಲಿ ಬಂತು. ಅವರೇನು ಸುಳ್ಳು ಹೇಳ್ತಾರಾ?

ದೊಡ್ಡಪ್ಪ: ನಮಗೆಲ್ಲ ಬೆಲ್ಲ, ನೀರು ಸಾಕಿತ್ತು. ನಾಲಿಗೆ ಹಿಡಿತದಲ್ಲಿರಬೇಕು 🙏

ಪುಟ್ಟಣ್ಣ: ಪೂರ್ತಿ ಸುಳ್ಳಲ್ಲ ಅತ್ತೆ. 2022ರಲ್ಲಿ ಇಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಅನ್ನುವ ಗ್ರಾಹಕ ಸಂಸ್ಥೆ 28 ಬಾರ್ ಪರೀಕ್ಷೆ ಮಾಡಿತ್ತು. ಎಲ್ಲದರಲ್ಲೂ ಸೀಸ, ಕ್ಯಾಡ್ಮಿಯಂ ಅನ್ನುವ ಇನ್ನೊಂದು ವಿಷ ಲೋಹ ಇತ್ತು. ದಿನಾ 28 ಗ್ರಾಂ ತಿಂದರೆ ಕ್ಯಾಲಿಫೋರ್ನಿಯಾದ ಮಿತಿ ದಾಟುವಂಥವು 23. ದಿನಾ ತಿಂದರೆ ಮಾತ್ರ. ಒಂದು ತುಂಡಿಗೆ ಕಿಡ್ನಿ ಹೋಗಲ್ಲ.

ಭಾವ: ಸೀಸ ಸೇರುವುದು ಎಲ್ಲಿಂದ?

ಪುಟ್ಟಣ್ಣ: ಕ್ಯಾಡ್ಮಿಯಂ ಮಣ್ಣಿನಿಂದ ಮರಕ್ಕೆ ಏರುತ್ತದೆ. ಸೀಸ ಹೆಚ್ಚಾಗಿ ಕೊಕ್ಕೋ ಬೀಜ ಒಣಗಿಸುವಾಗ ಧೂಳಿನ ಜೊತೆ ಸಿಪ್ಪೆಗೆ ಅಂಟುತ್ತದೆ.

ಅತ್ತೆ: ಅಂದರೆ ಅಪ್ಪ ಕೊಕ್ಕೋ ಬೀಜ ಒಣಗಿಸುತ್ತಿದ್ದ ನಮ್ಮ ಅಂಗಳದಲ್ಲಿ ಧೂಳಿತ್ತಾ? ಮದುವೆ ಆಗುವ ತನಕ ದಿನಾ ಸಗಣಿ ಸಾರಿಸಿದವಳು ನಾನು. ಆಮೇಲಿನದ್ದು ಅತ್ತಿಗೆಯನ್ನು ಕೇಳು.

ದೊಡ್ಡಮ್ಮ ಆನ್‌ಲೈನ್‌ನಲ್ಲೇ ಇದ್ದರು. ಏನೋ ಟೈಪ್ ಮಾಡಿ ಅಳಿಸಿದರು.

ಅಕ್ಕ: ಅಯ್ಯೋ, ಕೊಕ್ಕೋ ಕಾಯಿ ಒಡೆದು ಆ ಬಿಳಿ ತಿರುಳು ಚೀಪುತ್ತಿದ್ದೆವಲ್ಲ! ಬೀಜ ಬುಟ್ಟಿಗೇ ಉಗುಳಿ ಅಂತ ಅಜ್ಜಿ ಕಾವಲು. ಬಾಳೆಲೆ ಮುಚ್ಚಿಟ್ಟ ಬುಟ್ಟಿಯ ಹುಳಿ ವಾಸನೆ ಜಗಲಿ ತನಕ ಬರುತ್ತಿತ್ತು. ಅಜ್ಜ ಒಣ ಬೀಜ ಪುತ್ತೂರಿಗೆ, ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಕೊಂಡುಹೋಗುತ್ತಿದ್ದರು 😍

ಚಿಕ್ಕಮ್ಮ: ಟಾಮಿ ಟೀಪಾಯಿ ಮೇಲಿದ್ದ ಅರ್ಧ ಬಾರ್ ತಿಂದಿದೆ. ಕೂತಲ್ಲಿ ಕೂರುತ್ತಿಲ್ಲ, ನೀರು ಕುಡಿಯುತ್ತಲೇ ಇದೆ. ಏನಾದರೂ ಆಗುತ್ತದಾ?

ಅತ್ತೆ: ಕೊಕ್ಕೋ ದುಡ್ಡಿನಲ್ಲಿ ಅಣ್ಣನಿಗೆ ಬೈಕು ಬಂತು. ನನಗೆ ಒಂದು ಸೀರೆಯೂ ಬರಲಿಲ್ಲ.

ದೊಡ್ಡಪ್ಪ: ಅದು ಸೆಕೆಂಡ್ ಹ್ಯಾಂಡ್ ಬೈಕು.

ಚಿಕ್ಕಮ್ಮನ ಮಾತು ಬೈಕಿನಡಿ ಸಿಕ್ಕಿ ಹೋಯಿತು. ಅವತ್ತು ನಿಜವಾದ ಅಪಾಯ ಅಂತ ಇದ್ದದ್ದು ಅದೊಂದೇ. ಕೊಕ್ಕೋದಲ್ಲಿರುವ ಥಿಯೋಬ್ರೋಮಿನ್ ಅನ್ನುವ ಅಂಶ ನಮಗೆ ಬೇಗ ಕರಗುತ್ತದೆ, ನಾಯಿಯ ಮೈಯಲ್ಲಿ ಗಂಟೆಗಟ್ಟಲೆ ಉಳಿದು ವಿಷವಾಗುತ್ತದೆ. ಡಾರ್ಕ್ ಆದರೆ ಇನ್ನೂ ಜಾಸ್ತಿ. ನಾನು ಫೋನ್ ಮಾಡಿ, ಈಗಲೇ ಪಶುವೈದ್ಯರ ಹತ್ತಿರ ಕರಕೊಂಡು ಹೋಗಿ ಎಂದೆ.

ರಾತ್ರಿ ಒಂಬತ್ತಕ್ಕೆ ಚಿಕ್ಕಮ್ಮನ ಫೋನ್ ಬಂತು. ಟಾಮಿಗೆ ವಾಂತಿ ಮಾಡಿಸಿದ್ದರು, ಮಲಗಿತ್ತು. ಗುಂಪು ತೆರೆದರೆ 41 ಹೊಸ ಮೆಸೇಜು. ಕೊನೆಯ ಎರಡು ಮಾತ್ರ ಓದಿದೆ.

ಅತ್ತೆ: ನನ್ನ ಬಾರ್ ಒಡೆಯದೆ ಹಾಗೇ ಇದೆ. ಬೇಕಾದವರು ಬಂದು ತಗೊಂಡು ಹೋಗಿ.

ದೊಡ್ಡಪ್ಪ: ನಾಳೆ ಆ ಕಡೆ ಬರುವುದಿದೆ.